ಬ್ಯಾಟರಿ ಹಚ್ಚಲು ಎಷ್ಟು ಅನುಮತಿ ಬೇಕು?

ಹುಬ್ಬಳ್ಳಿ-ಧಾರವಾಡದ ಆಡುಮಾತಿನಲ್ಲಿ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಕರೆಂಟು ಹೋದ ಕೂಡಲೇ ಮನೆಯೊಳಗಿಂದ ಕೇಳುವ ಮಾತು ‘ಬ್ಯಾಟ್ರಿ ಹಚ್ಚ್ರಿ’. ಎರಡು ದಪ್ಪ ಸೆಲ್ಲು ಹಾಕಿದ ತಗಡಿನ ಟಾರ್ಚು ಗೋಡೆಯ ಮೊಳೆಗೆ ತೂಗುತ್ತಿದ್ದ ಕಾಲ ಹೋಗಿ, ಆ ಕೆಲಸವನ್ನು ಈಗ ಫೋನಿನ ಬೆನ್ನಿಗಿರುವ ಜೋಳದ ಕಾಳಿನಷ್ಟು ಎಲ್‌ಇಡಿ ದೀಪ ಮಾಡುತ್ತದೆ. ಈ ದೀಪ ಹಚ್ಚಲು, ಆರಿಸಲು ತಂತ್ರಾಂಶದಲ್ಲಿ ಬೇಕಾದದ್ದು ಒಂದೇ ಒಂದು ಗುಂಡಿ. ಆ ಗುಂಡಿಯನ್ನು ಎಷ್ಟೋ ಫೋನ್ ತಯಾರಕರು ಮೊದಲ ಹಲವು ವರ್ಷ ಕೊಡಲೇ ಇಲ್ಲ. ಐಫೋನಿಗೆ ಅದು ಬಂದದ್ದು 2013ರ ಐಓಎಸ್ 7ರೊಂದಿಗೆ, ಆಂಡ್ರಾಯ್ಡ್‌ಗೆ 2014ರ 5.0 ಆವೃತ್ತಿಯೊಂದಿಗೆ. ದೀಪ ಮಾತ್ರ ಅದಕ್ಕೂ ಮೊದಲೇ ಫೋನಿನಲ್ಲಿ ಕುಳಿತಿತ್ತು.

ದೀಪವಿದ್ದು ಗುಂಡಿಯಿಲ್ಲದ ಆ ಅವಧಿಯಲ್ಲಿ ಏನಾಯಿತು ಎಂಬುದಕ್ಕೆ ದಾಖಲೆಯಿದೆ. ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಉಚಿತ ಆ್ಯಪನ್ನು ಕೋಟಿಗಟ್ಟಲೆ ಜನ ಇಳಿಸಿಕೊಂಡರು. ದೀಪವನ್ನೇನೋ ಅದು ಚೆನ್ನಾಗಿಯೇ ಹಚ್ಚುತ್ತಿತ್ತು. ಅದರ ಜೊತೆಗೇ ಫೋನು ಎಲ್ಲಿದೆ ಎಂಬ ವಿವರವನ್ನೂ ಆ ಫೋನಿನ ಗುರುತು ಸಂಖ್ಯೆಯನ್ನೂ ಜಾಹೀರಾತು ಜಾಲಗಳಿಗೆ ರವಾನಿಸುತ್ತಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರ ಡಿಸೆಂಬರಿನಲ್ಲಿ ಈ ಪ್ರಕರಣವನ್ನು ಬಯಲಿಗೆ ತಂದಿತು. ಆ್ಯಪನ್ನು ಮೊದಲ ಸಲ ತೆರೆದಾಗ ಷರತ್ತುಗಳ ಪುಟವೊಂದು ಬರುತ್ತಿತ್ತು, ಕೆಳಗೆ ಒಪ್ಪಲು ಒಂದು ಗುಂಡಿ, ನಿರಾಕರಿಸಲು ಇನ್ನೊಂದು. ಯಾವುದನ್ನು ಒತ್ತಬೇಕೆಂದು ಬಳಕೆದಾರ ಯೋಚಿಸುತ್ತಿರುವಾಗಲೇ ಮಾಹಿತಿ ಹೊರಟುಹೋಗಿರುತ್ತಿತ್ತು.

ಗುಂಡಿ ಫೋನಿನೊಳಗೇ ಬಂದ ಮೇಲೆ ಇಂಥ ಆ್ಯಪ್‌ಗಳಿಗೆ ಕೆಲಸವೇ ಇರಲಿಲ್ಲ. ಆದರೂ ಅವು ಹೋಗಲಿಲ್ಲ. ಪ್ಲೇ ಸ್ಟೋರಿಗೆ ಬಂದಿದ್ದ 937 ಟಾರ್ಚ್ ಆ್ಯಪ್‌ಗಳನ್ನು 2019ರಲ್ಲಿ ಅವಾಸ್ಟ್ ಸಂಸ್ಥೆ ಪರೀಕ್ಷಿಸಿದಾಗ, ಒಂದೊಂದೂ ಕೇಳುವ ಅನುಮತಿಗಳ ಸರಾಸರಿ 25 ಎಂದು ತಿಳಿಯಿತು. 262 ಆ್ಯಪ್‌ಗಳು 50ರಿಂದ 77ರವರೆಗೆ ಅನುಮತಿ ಕೇಳುತ್ತಿದ್ದವು. ನಿಜವಾಗಿ ಎಷ್ಟು ಬೇಕು? ಹಿಂದೆ ಈ ದೀಪವನ್ನು ಕ್ಯಾಮೆರಾದ ಭಾಗವೆಂದು ಎಣಿಸುತ್ತಿದ್ದರಿಂದ ಕ್ಯಾಮೆರಾದ ಅನುಮತಿಯೊಂದು ಬೇಕಾಗುತ್ತಿತ್ತು. 2015ರ ಆಂಡ್ರಾಯ್ಡ್ 6ರ ನಂತರ ಅದೂ ಬೇಡವಾಯಿತು. ಅಂದರೆ ಸೊನ್ನೆ.

ಕೆಡುಕಿನ ಆ್ಯಪ್‌ಗಳನ್ನು ಬಳಕೆದಾರನ ಅಜಾಗರೂಕತೆಯ ಫಲವೆಂದು ಹೇಳುವುದು ವಾಡಿಕೆ. ಬ್ಯಾಂಕಿನ ಎಸ್‌ಎಂಎಸ್ ಹಾಗೆನ್ನುತ್ತದೆ, ಪೊಲೀಸರ ಭಿತ್ತಿಪತ್ರವೂ ಹಾಗೆನ್ನುತ್ತದೆ. ಆದರೆ ಬೆಳಕು ಬೇಕೆನ್ನುವುದು, ಒಂದು ಕಾಗದವನ್ನು ಸ್ಕ್ಯಾನ್ ಮಾಡಬೇಕೆನ್ನುವುದು, ಒಂದು ಫೈಲನ್ನು ಹುಡುಕಬೇಕೆನ್ನುವುದು ದುರಾಸೆಯೂ ಅಲ್ಲ, ದಡ್ಡತನವೂ ಅಲ್ಲ. ಫೋನಿಗೆ ಕಣ್ಣು, ಕಿವಿ, ದೀಪ ಎಲ್ಲವನ್ನೂ ಕೂರಿಸಿ, ಅವನ್ನು ಬಳಸುವ ಸಾದಾ ಸಾಧನವನ್ನು ಮಾತ್ರ ಹೊರಗೆ ಹುಡುಕಿಕೊಳ್ಳಿರೆಂದು ಬಿಟ್ಟಿರುವುದೇ ಮೊದಲ ತಪ್ಪು. ಮಿಕ್ಸರ್ ಮಾರಿ, ಅದರ ಜಾರಿನ ಮುಚ್ಚಳವನ್ನು ಸಂತೆಯಲ್ಲಿ ನೋಡಿಕೊಳ್ಳಿ ಎಂದಂತೆ. ಸಂತೆಯಲ್ಲಿ ಮುಚ್ಚಳವನ್ನು ಪುಕ್ಕಟೆ ಕೊಡುವವನು ಬೇರೆ ಏನನ್ನೋ ಒಯ್ಯಲು ಬಂದಿರುತ್ತಾನೆ.

ಧಾರವಾಡದ ಸಪ್ತಾಪುರದಲ್ಲಿ ಈ ಕೊರತೆ ಕಣ್ಣಿಗೆ ಕಾಣುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕ್ಲಾಸು, ಬಾಡಿಗೆ ರೂಮು, ಮೆಸ್ಸು, ಝೆರಾಕ್ಸ್ ಅಂಗಡಿ ಇಲ್ಲಿ ಒಂದಕ್ಕೊಂದು ಒತ್ತಿಕೊಂಡಿವೆ. ರಾಯಚೂರು, ಕೊಪ್ಪಳ, ವಿಜಯಪುರದ ಕಡೆಯಿಂದ ಬಂದ ಸಾವಿರಾರು ಹುಡುಗ ಹುಡುಗಿಯರ ಬಳಿ ಕಂಪ್ಯೂಟರ್ ಇರುವುದಿಲ್ಲ, ಫೋನ್ ಇರುತ್ತದೆ. ನೇಮಕಾತಿಯ ಅರ್ಜಿ ತುಂಬುವುದು ಅದರಲ್ಲೇ. ಅರ್ಜಿಯ ಪುಟ ಭಾವಚಿತ್ರ ಇಷ್ಟು ಕೆಬಿ ಒಳಗಿರಬೇಕು, ಸಹಿ ಇಷ್ಟರೊಳಗೆ, ಪ್ರಮಾಣಪತ್ರ ಪಿಡಿಎಫ್ ಆಗಿರಬೇಕು ಎನ್ನುತ್ತದೆ. ಫೋನು ತೆಗೆಯುವ ಫೋಟೊ ಮೂರು-ನಾಲ್ಕು ಎಂಬಿ. ಅದನ್ನು ಕೇಳಿದಷ್ಟು ಕೆಬಿಗೆ ಇಳಿಸುವ ಸಾಧನ ಬಹುತೇಕ ಫೋನುಗಳ ಗ್ಯಾಲರಿಯಲ್ಲಿ ಇಲ್ಲ. ಕೊನೆಯ ದಿನಾಂಕದ ರಾತ್ರಿ, ಸರ್ವರ್ ನಿಧಾನವಾಗಿರುವ ಹೊತ್ತಿನಲ್ಲಿ, ಅಭ್ಯರ್ಥಿ ಪ್ಲೇ ಸ್ಟೋರ್ ತೆರೆದು ಹುಡುಕುತ್ತಾನೆ. ಪಟ್ಟಿಯ ನೆತ್ತಿಯ ಮೇಲಿರುವುದು ಹಣ ಕೊಟ್ಟು ಅಲ್ಲಿ ಕುಳಿತ ಆ್ಯಪ್. ಅದು ಎಲ್ಲ ಫೋಟೊ, ಫೈಲು ನೋಡುವ ಅನುಮತಿ ಕೇಳುತ್ತದೆ, ಕೊಡುತ್ತಾನೆ. ಗ್ಯಾಲರಿಯಲ್ಲಿರುವುದು ಬರೀ ಅವನ ಪಾಸ್‌ಪೋರ್ಟ್ ಅಳತೆಯ ಫೋಟೊ ಅಲ್ಲ. ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಅಪ್ಪನ ಪಾಸ್‌ಬುಕ್ಕಿನ ಮೊದಲ ಪುಟ, ಮನೆಮಂದಿಯ ಚಿತ್ರ, ಎಲ್ಲವೂ ಒಂದೇ ಗೂಡಿನಲ್ಲಿವೆ. ಈ ಬೇಡಿಕೆ ಹುಟ್ಟಿಸಿದ್ದು ಸರಕಾರದ ಅರ್ಜಿ. ಅದನ್ನು ಪೂರೈಸುವ ಸಾಧನವನ್ನು ಫೋನೂ ಕೊಡಲಿಲ್ಲ, ಸರಕಾರವೂ ಕೊಡಲಿಲ್ಲ.

ಕಾಗದ ಸ್ಕ್ಯಾನ್ ಮಾಡುವ ಆ್ಯಪ್‌ಗಳ ಚರಿತ್ರೆಯೂ ಹೀಗೆಯೇ. ‘ಕ್ಯಾಮ್‌ಸ್ಕ್ಯಾನರ್’ ಹತ್ತು ಕೋಟಿಗೂ ಹೆಚ್ಚು ಸಲ ಇಳಿಸಿಕೊಂಡ, ಒಳ್ಳೆಯ ಹೆಸರಿದ್ದ ಆ್ಯಪ್. 2019ರ ಆಗಸ್ಟಿನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಅದರೊಳಗೆ ‘ನೆಕ್ರೊ’ ಎಂಬ ಕುತಂತ್ರಾಂಶವನ್ನು ಪತ್ತೆ ಮಾಡಿತು. ಹೊರಗಿನ ಜಾಹೀರಾತು ಕಂಪನಿಯೊಂದರ ಸಂಕೇತವನ್ನು (ಕೋಡನ್ನು) ಆ್ಯಪಿಗೆ ಸೇರಿಸಿದ್ದಾಗ ಅದರ ಜೊತೆ ಒಳಬಂದಿದ್ದ ಈ ಕಳ್ಳ, ಫೋನಿಗೆ ಮತ್ತಷ್ಟು ತಂತ್ರಾಂಶಗಳನ್ನು ಕರೆತರಬಲ್ಲವನಾಗಿದ್ದ. ಗೂಗಲ್ ಆ್ಯಪನ್ನು ತೆಗೆಯಿತು, ಶುದ್ಧಮಾಡಿದ ಮೇಲೆ ಮತ್ತೆ ಸೇರಿಸಿತು. 2024ರಲ್ಲಿ ಅದೇ ನೆಕ್ರೊ ‘ವುಟಾ ಕ್ಯಾಮೆರಾ’, ‘ಮ್ಯಾಕ್ಸ್ ಬ್ರೌಸರ್’ ಆ್ಯಪ್‌ಗಳಲ್ಲಿ ಮತ್ತೊಮ್ಮೆ ತಲೆಯೆತ್ತಿತು.

2020ರ ಜೂನ್ 29ರಂದು ಭಾರತ ಸರಕಾರ ಚೀನಾ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಸದ್ದಿನಲ್ಲಿ ಬಹಳ ಜನ ಗಮನಿಸದೆ ಹೋದದ್ದೆಂದರೆ, ಆ ಪಟ್ಟಿಯಲ್ಲಿ ಮನರಂಜನೆಯ ಆ್ಯಪ್‌ಗಳ ಪಕ್ಕದಲ್ಲೇ ಬರೀ ಸಾಧನಗಳೂ ಸಾಲುಗಟ್ಟಿದ್ದವು: ಕ್ಯಾಮ್‌ಸ್ಕ್ಯಾನರ್, ಶೇರ್‌ಇಟ್, ಕ್ಸೆಂಡರ್, ಇಎಸ್ ಫೈಲ್ ಎಕ್ಸ್‌ಪ್ಲೋರರ್, ಕ್ಲೀನ್ ಮಾಸ್ಟರ್, ಡಿಯು ಬ್ಯಾಟರಿ ಸೇವರ್, ಯುಸಿ ಬ್ರೌಸರ್. ಆಂಡ್ರಾಯ್ಡ್ ಬಿಟ್ಟಿದ್ದ ಖಾಲಿ ಜಾಗಗಳು ಯಾವುವೆಂದು ತಿಳಿಯಬೇಕಾದವರು ಆ ಪಟ್ಟಿಯನ್ನೇ ಓದಿದರೆ ಸಾಕು. ಒಂದು ಫೋನಿನಿಂದ ಇನ್ನೊಂದಕ್ಕೆ ಸಿನಿಮಾ ದಾಟಿಸಲು ಅಂಗಡಿಯವರೂ ಗಿರಾಕಿಗಳೂ ನೆಚ್ಚಿದ್ದ ಶೇರ್‌ಇಟ್ ಹೋದ ಮೇಲೆ, ಗೂಗಲ್‌ನ ‘ನಿಯರ್‌ಬೈ ಶೇರ್’ ಬಂದದ್ದು 2020ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ನಿಧಾನದ ಬ್ಲೂಟೂತ್ ಬಿಟ್ಟರೆ ಬೇರೆ ಸುಲಭದ ದಾರಿ ಆಂಡ್ರಾಯ್ಡ್‌ನ ಒಳಗೆ ಇರಲಿಲ್ಲ. ನಿಷೇಧದಿಂದ ಆ್ಯಪ್‌ಗಳು ಹೋದವು, ಅವುಗಳ ಅಗತ್ಯ ಹೋಗಲಿಲ್ಲ. ತೆರವಾದ ಜಾಗಕ್ಕೆ ಬೇರೆ ಹೆಸರಿನ, ಬೇರೆ ದೇಶದ ಅಂಥವೇ ಆ್ಯಪ್‌ಗಳು ಬಂದು ಕುಳಿತವು.

ಒಳ್ಳೆಯ ಸಾಧನ ಕೆಡುವುದು ಹೇಗೆ ಎಂಬುದಕ್ಕೆ ಅದರ ಲೆಕ್ಕಪತ್ರದಲ್ಲೇ ಉತ್ತರವಿದೆ. ಕ್ಯೂಆರ್ ಓದುವ ಆ್ಯಪನ್ನು ಒಮ್ಮೆ ಸರಿಯಾಗಿ ಬರೆದರೆ ಮುಂದೆ ಸೇರಿಸಲು ಹೊಸದೇನೂ ಇರುವುದಿಲ್ಲ. ದುಡ್ಡು ಕೊಡಲು ಯಾರೂ ಸಿದ್ಧರಿಲ್ಲ. ಆದರೆ ಫೋನಿನ ಹೊಸ ಆವೃತ್ತಿ ಬಂದಾಗಲೆಲ್ಲ ದುರಸ್ತಿಯ ಕೆಲಸ ತಪ್ಪುವುದಿಲ್ಲ. ಬರೆದವನು ಕೆಲ ವರ್ಷ ಹವ್ಯಾಸಕ್ಕೆ ನಡೆಸುತ್ತಾನೆ, ಬೇಸತ್ತು ಒಂದು ದಿನ ಮಾರುತ್ತಾನೆ. ಕೊಳ್ಳುವವನಿಗೆ ಬೇಕಾದದ್ದು ಆ ಸಂಕೇತವಲ್ಲ, ಅದನ್ನು ಒಂದು ವಾರದಲ್ಲಿ ಯಾರಾದರೂ ಬರೆದಾರು. ಅವನು ಕೊಳ್ಳುವುದು ಲಕ್ಷಾಂತರ ಫೋನುಗಳಲ್ಲಿ ಈಗಾಗಲೇ ಸಿಕ್ಕಿರುವ ಜಾಗವನ್ನು ಮತ್ತು ಅನುಮತಿಯನ್ನು. ಹುಬ್ಬಳ್ಳಿಯ ದುರ್ಗದ ಬೈಲಿನ ಹಳೆಯ ಅಂಗಡಿ ಬೋರ್ಡಿನ ಸಮೇತ ಮಾರಾಟವಾದರೆ ಗಿರಾಕಿ ಗಲ್ಲೆಯ ಮೇಲಿನ ಹೊಸ ಮುಖವನ್ನಾದರೂ ನೋಡುತ್ತಾನೆ. ಇಲ್ಲಿ ಮುಖವೂ ಕಾಣುವುದಿಲ್ಲ; ರಾತ್ರಿ ಚಾರ್ಜಿಗೆ ಹಚ್ಚಿದ ಫೋನಿನಲ್ಲಿ ‘ಅಪ್‌ಡೇಟ್’ ತಾನಾಗಿ ಇಳಿಯುತ್ತದೆ.

‘ಬಾರ್‌ಕೋಡ್ ಸ್ಕ್ಯಾನರ್’ ಎಂಬ ಒಂದು ಕೋಟಿ ಡೌನ್‌ಲೋಡಿನ ಆ್ಯಪ್‌ನಲ್ಲಿ ಆದದ್ದು ಇದೇ. ವರ್ಷಗಟ್ಟಲೆ ಸಭ್ಯವಾಗಿದ್ದ ಅದು, ಕೈ ಬದಲಾಗುವ ಹೊತ್ತಿನಲ್ಲಿ, 2020ರ ಡಿಸೆಂಬರಿನ ಅಪ್‌ಡೇಟ್ ಒಂದರಿಂದ ಜಾಹೀರಾತು ಸುರಿಯುವ ಯಂತ್ರವಾಯಿತು. ಬಳಕೆದಾರ ಮುಟ್ಟದಿದ್ದರೂ ಬ್ರೌಸರ್ ತಾನಾಗಿ ತೆರೆದುಕೊಳ್ಳುತ್ತಿತ್ತು. ಮಾಲ್‌ವೇರ್‌ಬೈಟ್ಸ್ ಸಂಸ್ಥೆ ಅದನ್ನು ಹೊರಗೆಡಹಿದ್ದು ಮುಂದಿನ ಫೆಬ್ರುವರಿಯಲ್ಲಿ. ರೇಟಿಂಗ್ ನೋಡಿ, ವಿಮರ್ಶೆ ಓದಿ, ಡೌನ್‌ಲೋಡ್ ಸಂಖ್ಯೆ ಗಮನಿಸಿ ಇಳಿಸಿಕೊಳ್ಳಿ ಎಂಬ ಬುದ್ಧಿಮಾತನ್ನು ಅಕ್ಷರಶಃ ಪಾಲಿಸಿದವರೇ ಇಲ್ಲಿ ಮೋಸಹೋದರು. ಜಾಹೀರಾತಿಲ್ಲದ ಮುಕ್ತ ತಂತ್ರಾಂಶವೂ ಈ ಮಾರಾಟದಿಂದ ಹೊರತಲ್ಲ. ಸ್ಲೊವಾಕಿಯಾದ ಟಿಬೊರ್ ಕಪುಟಾ ಬೆಳೆಸಿದ ‘ಸಿಂಪಲ್ ಮೊಬೈಲ್ ಟೂಲ್ಸ್’ ಗ್ಯಾಲರಿ, ಕ್ಯಾಲೆಂಡರ್, ಫೈಲ್ ಮ್ಯಾನೇಜರ್‌ಗಳ ಸರಳ ಬಳಗ. 2023ರ ಕೊನೆಯಲ್ಲಿ ಅದು ಇಸ್ರೇಲಿನ ಜಿಪೊಆ್ಯಪ್ಸ್ ಕಂಪನಿಗೆ ಮಾರಾಟವಾಯಿತು. ಸಂಕೇತ ಮುಕ್ತವಾಗಿದ್ದುದರಿಂದ ಬೇರೆ ಕೆಲವರು ಅದನ್ನು ‘ಫಾಸಿಫೈ’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಮುಚ್ಚಿದ ಸಂಕೇತದ ಆ್ಯಪಿಗೆ ಈ ದಾರಿಯೂ ಇರುವುದಿಲ್ಲ.

ಇಲ್ಲದ ಸಾಧನದ ಜಾಗದಲ್ಲಿ ಬೆಳೆದ ಆ್ಯಪ್‌ಗಳು ಇವು. ಇನ್ನೊಂದು ಜಾತಿ ಇಲ್ಲದ ರೋಗಕ್ಕೆ ಮದ್ದು ಮಾರುವುದು: ಕಸ ಗುಡಿಸುವ, ಫೋನ್ ತಂಪುಗೊಳಿಸುವ, ಬ್ಯಾಟರಿ ಉಳಿಸುವ ಆ್ಯಪ್‌ಗಳು. ಆಂಡ್ರಾಯ್ಡ್ ತನ್ನ ನೆನಪಿನ ಜಾಗವನ್ನು ತಾನೇ ತೂಗಿಸಿಕೊಳ್ಳುತ್ತದೆ. ಹಿನ್ನೆಲೆಯಲ್ಲಿದ್ದುದನ್ನು ಬಲವಂತವಾಗಿ ಮುಚ್ಚಿದರೆ ಮತ್ತೆ ತೆರೆಯುವಾಗ ಇನ್ನಷ್ಟು ವಿದ್ಯುತ್ ಖರ್ಚು. ಕ್ಲೀನ್ ಮಾಸ್ಟರ್ ತಯಾರಿಸಿದ ಚೀತಾ ಮೊಬೈಲ್ ಕಂಪನಿಯ ಆ್ಯಪ್‌ಗಳ ಮೇಲೆ ಜಾಹೀರಾತು ವಂಚನೆಯ ಆರೋಪ 2018ರಲ್ಲಿ ಬಂತು. ಕಂಪನಿ ಅದನ್ನು ಅಲ್ಲಗಳೆಯಿತು. 2020ರಲ್ಲಿ ಗೂಗಲ್ ಆ ಆ್ಯಪ್‌ಗಳನ್ನು ಸ್ಟೋರಿನಿಂದ ಹೊರಹಾಕಿತು. ಹುಬ್ಬಳ್ಳಿಯವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಟಾರ್ಚ್ ಬೇಕಾಗಿ ತಮ್ಮ ಮಾತಿನಲ್ಲಿ ‘ಬ್ಯಾಟರಿ’ ಎಂದು ಹುಡುಕಿದವರ ಮುಂದೆ ಬಂದು ನಿಲ್ಲುವುದು ಈ ಉಳಿತಾಯದ ಆ್ಯಪ್‌ಗಳೇ.

ಎಲ್ಲಕ್ಕಿಂತ ಅಪಾಯದ್ದು ಬ್ಯಾಂಕ್ ಖಾತೆಗೇ ಕೈ ಹಾಕುವ ಜಾತಿ. 2024ರ ಮೇ ತಿಂಗಳಲ್ಲಿ ಝಡ್‌ಸ್ಕೇಲರ್ ಸಂಸ್ಥೆ ಪ್ಲೇ ಸ್ಟೋರಿನಲ್ಲಿ ಎರಡು ಆ್ಯಪ್‌ಗಳನ್ನು ಗುರುತಿಸಿತು. ಒಂದು ಪಿಡಿಎಫ್ ಓದುವುದು, ಇನ್ನೊಂದು ಕ್ಯೂಆರ್ ಓದುವುದು. ಎರಡೂ ಸೇರಿ 70 ಸಾವಿರ ಸಲ ಇಳಿದಿದ್ದವು. ಇಳಿಸಿಕೊಂಡಾಗ ಅವುಗಳಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಆಮೇಲೆ ‘ಅಪ್‌ಡೇಟ್’ ಎಂಬ ನೆಪದಲ್ಲಿ ‘ಅನಾತ್ಸಾ’ ಎಂಬ ಬ್ಯಾಂಕ್ ಟ್ರೋಜನ್ ಒಳಬರುತ್ತಿತ್ತು. ಅದು ಕೇಳುವ ಅನುಮತಿ ‘ಆ್ಯಕ್ಸೆಸಿಬಿಲಿಟಿ’ಯದು. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳಲೆಂದು, ಅವರ ಪರವಾಗಿ ಗುಂಡಿ ಒತ್ತಲೆಂದು ಇಟ್ಟ ಸೌಲಭ್ಯ ಅದು. ಅದನ್ನು ಪಡೆದ ತಂತ್ರಾಂಶ ಪರದೆಯ ಮೇಲಿರುವುದನ್ನೆಲ್ಲ ಓದಬಲ್ಲದು, ಮಾಲೀಕನ ಬೆರಳಾಗಿ ಒತ್ತಬಲ್ಲದು. ಬ್ಯಾಂಕಿನ ಆ್ಯಪ್ ತೆರೆದ ಕ್ಷಣ ಅದರ ಮೇಲೆ ನಕಲಿ ಪುಟವೊಂದನ್ನು ಹೊದಿಸಿ ಗುಪ್ತಸಂಖ್ಯೆ ಕದಿಯಬಲ್ಲದು. ಕುರುಡರ ಕೋಲನ್ನು ಕದ್ದು ಅದರಿಂದಲೇ ಬೀಗ ಒಡೆದಂತೆ. ಪ್ಲೇ ಸ್ಟೋರಿನ ಹೊರಗೆ, ಮದುವೆ ಆಮಂತ್ರಣ, ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಕಂತು ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ (ಆ್ಯಪ್ ಕೂರಿಸುವ) ಫೈಲುಗಳೂ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಹುಬ್ಬಳ್ಳಿ-ಧಾರವಾಡ ಕಮಿಷನರೇಟಿನಲ್ಲಿ ಇಂಥ ದೂರಿಗೆ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಯಿದೆ. ಹಣ ಹೋದ ಕೂಡಲೇ, ಮೊದಲ ಗಂಟೆಯಲ್ಲೇ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಈಗಿನ ಫೋನುಗಳಲ್ಲಿ ಇವುಗಳಲ್ಲಿ ಹಲವು ಸಾಧನಗಳು ಇವೆ ಎಂಬುದು ನಿಜ. ಮೇಲಿನಿಂದ ಬೆರಳೆಳೆದರೆ ಟಾರ್ಚ್ ಸಿಗುತ್ತದೆ. ಕ್ಯಾಮೆರಾವೇ ಕ್ಯೂಆರ್ ಓದುತ್ತದೆ. ಐಫೋನಿನಲ್ಲಿ 2017ರಿಂದಲೇ ಹಾಗಿದೆ. ಗೂಗಲ್ ಡ್ರೈವ್‌ನಲ್ಲಿ ಸ್ಕ್ಯಾನ್ ಮಾಡುವ ಗುಂಡಿಯಿದೆ. ಆದರೆ ಡ್ರೈವ್ ಎಂಬ ಹೆಸರನ್ನು ನೋಡಿ ಇಲ್ಲಿ ಕಾಗದ ಸ್ಕ್ಯಾನ್ ಮಾಡಬಹುದೆಂದು ಊಹಿಸುವವರು ಕಡಿಮೆ. ಇಂಗ್ಲಿಷ್ ಹೆಸರಿನ ಹಿಂದೆ, ಮೂರನೆಯ ಮೆನುವಿನ ಒಳಗೆ, ಗುರುತು ಹತ್ತದ ಚಿಹ್ನೆಯ ಕೆಳಗೆ ಅಡಗಿರುವ ಸಾಧನ ಹಳೇ ಹುಬ್ಬಳ್ಳಿಯ ಬಳೆಗಾರ್ತಿಗೆ ಇದ್ದೂ ಇಲ್ಲದಂತೆ. ಅವಳ ಪಾಲಿಗೆ ಅದು ಕಾಣೆಯಾದ ಸಾಧನವೇ. ಇಂಗ್ಲಿಷ್ ಬಲ್ಲವರಿಗೂ ಕೆಲವು ಸಾಧನಗಳು ಸಿಗಲು ಕಾಲ ಹಿಡಿಯಿತು. 2010ರಲ್ಲಿ ಬಂದ ಐಪ್ಯಾಡಿನಲ್ಲಿ ಆಪಲ್ ಒಂದು ಕ್ಯಾಲ್ಕುಲೇಟರ್ ಇಟ್ಟದ್ದು 2024ರಲ್ಲಿ.

ಕನ್ನಡದ ಅಕ್ಷರಗಳೂ ಒಂದು ಕಾಲಕ್ಕೆ ಕಾಣೆಯಾದ ಸಾಧನವೇ ಆಗಿದ್ದವು. 2012ರ ಆಂಡ್ರಾಯ್ಡ್ 4.1 ಬರುವವರೆಗೆ ಎಷ್ಟೋ ಫೋನುಗಳಲ್ಲಿ ಕನ್ನಡದ ಸಂದೇಶವೆಂದರೆ ಸಾಲಾಗಿ ಚೌಕಗಳು. ಅಕ್ಷರ ಕಾಣತೊಡಗಿದ ಮೇಲೂ ಬರೆಯಲು ಹೊರಗಿನ ಕೀಬೋರ್ಡ್ ಆ್ಯಪ್ ಬೇಕಿತ್ತು. ಕೀಬೋರ್ಡೆಂದರೆ ಒತ್ತಿದ ಪ್ರತಿ ಅಕ್ಷರವನ್ನೂ ಕಾಣುವ ಸಾಧನ. ‘ಎಐ.ಟೈಪ್’ ಎಂಬ ಕೀಬೋರ್ಡ್ ಕಂಪನಿ ಬೀಗವಿಲ್ಲದೆ ಇಟ್ಟಿದ್ದ ಮಾಹಿತಿಭಂಡಾರದಿಂದ 3.1 ಕೋಟಿ ಬಳಕೆದಾರರ ವಿವರ ಬಯಲಾದದ್ದು 2017ರ ಡಿಸೆಂಬರಿನಲ್ಲಿ. ಕನ್ನಡದ ಈ ಕೊರತೆ ನೀಗುವಲ್ಲಿ ಒಂದು ನಿಯಮದ ಪಾತ್ರವೂ ಇದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 16333 (ಭಾಗ 3) ಪ್ರಕಾರ ದೇಶದಲ್ಲಿ ಮಾರುವ ಫೋನು 22 ಭಾರತೀಯ ಭಾಷೆಗಳನ್ನೂ ತೋರಿಸಬೇಕು. ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದಾದರೂ ಭಾರತೀಯ ಭಾಷೆಯಲ್ಲಿ ಬರೆಯಲು ಬರುವಂತಿರಬೇಕು. ತಯಾರಕರು ಪಾಲಿಸಿದರು, ಫೋನಿನ ಬೆಲೆಯೇನೂ ಮುಗಿಲಿಗೆ ಏರಲಿಲ್ಲ.

ಅದೇ ಮಾದರಿಯಲ್ಲಿ ಮೂಲ ಸಾಧನಗಳ ಮಾನಕವೊಂದನ್ನು ಮಾಡಬಾರದೇಕೆ ಎಂದರೆ ಬರುವ ಆಕ್ಷೇಪ ಒಂದಿದೆ, ಹಗುರವಾದದ್ದೇನೂ ಅಲ್ಲ. ಫೋನುಗಳಲ್ಲಿ ಬೇಡದ ಆ್ಯಪ್‌ಗಳು ಈಗಾಗಲೇ ತುಂಬಿ ಬರುತ್ತಿವೆ, ಇನ್ನೂ ತುಂಬಬೇಕೆ? ಗೂಗಲ್ ತನ್ನ ಆ್ಯಪ್‌ಗಳ ಗಂಟನ್ನು ತಯಾರಕರ ಮೇಲೆ ಹೇರುತ್ತದೆ ಎಂಬುದೂ ಸೇರಿದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಸರಕಾರವೇ ತನ್ನ ‘ಸಂಚಾರ್ ಸಾಥಿ’ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ಕಡ್ಡಾಯ ಮಾಡಲು 2025ರ ನವೆಂಬರ್ ಕೊನೆಗೆ ಆದೇಶ ಹೊರಡಿಸಿ, ಗೂಢಚರ್ಯೆಯ ಆತಂಕದ ಕೂಗೆದ್ದಾಗ ಡಿಸೆಂಬರ್ 3ರಂದು ಹಿಂತೆಗೆದುಕೊಂಡಿತು. ಎರಡೂ ಕಡೆ ಆತಂಕ ನ್ಯಾಯವಾದದ್ದು. ಆದರೆ ಸಾಧನಕ್ಕೂ ಇಂಥ ಆ್ಯಪಿಗೂ ಇರುವ ವ್ಯತ್ಯಾಸವನ್ನು ಯಾರು ಬೇಕಾದರೂ ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ನೋಡುವುದು. ಟಾರ್ಚು, ಸ್ಕ್ಯಾನರು, ಫೋಟೊ ಕುಗ್ಗಿಸುವುದು, ಧ್ವನಿ ಮುದ್ರಿಸುವುದು, ಫೈಲು ಹುಡುಕುವುದು, ಇವುಗಳಿಗೆ ಇಂಟರ್ನೆಟ್ ಬೇಡ, ಖಾತೆ ಬೇಡ, ಮೊಬೈಲ್ ನಂಬರ್ ಬೇಡ. ಬೇಕೆಂದು ಕೇಳಿದರೆ ಅದು ಸಾಧನದ ವೇಷದಲ್ಲಿರುವ ಬೇರೆ ವ್ಯಾಪಾರ. ಮಾನಕಕ್ಕೆ ಮೂರು ನಿಯಮ ಸಾಕು: ನೆಟ್ಟಿಲ್ಲದೆ ನಡೆಯಬೇಕು, ಬೇಡವೆಂದವರಿಗೆ ತೆಗೆಯಲು ಬರಬೇಕು, ಹೆಸರು ಕನ್ನಡದಲ್ಲೂ ಇರಬೇಕು.

ದತ್ತಾಂಶ ರಕ್ಷಣೆಯ ಕಾನೂನು 2023ರಲ್ಲಿ ಬಂತು, ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಅದು ಒಪ್ಪಿಗೆಯನ್ನು ಆಧರಿಸಿದ ಕಾನೂನು. ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್‌ನ ಎರಡು ಗುಂಡಿಗಳನ್ನು ನೆನೆದರೆ ಒಪ್ಪಿಗೆಯ ಬಲ ಎಷ್ಟೆಂಬುದು ತಿಳಿಯುತ್ತದೆ. ಅದಕ್ಕಿಂತ ಬೇಗ ಆಗಬಹುದಾದ ಕೆಲಸಗಳಿವೆ. ನೇಮಕಾತಿ ಪರೀಕ್ಷೆ ನಡೆಸುವ ಪ್ರಾಧಿಕಾರಗಳು ‘ಇಷ್ಟು ಕೆಬಿ ಒಳಗೆ’ ಎಂಬ ಷರತ್ತನ್ನು ಅಭ್ಯರ್ಥಿಯ ಹೆಗಲಿಗೆ ಹಾಕದೆ, ಫೋಟೊ ಕುಗ್ಗಿಸುವ ಕೆಲಸವನ್ನು ಅರ್ಜಿಯ ಪುಟದಲ್ಲೇ ಮಾಡಿಸಬಹುದು. ಬ್ರೌಸರಿಗೆ ಅದು ಕೆಲವೇ ಸಾಲಿನ ಸಂಕೇತ. ಧಾರವಾಡದಲ್ಲಿ ಐಐಟಿ ಇದೆ, ಐಐಐಟಿ ಇದೆ, ಹುಬ್ಬಳ್ಳಿಯಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಬರೆಯುವವರ ಕೊರತೆಯಂತೂ ಇಲ್ಲ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಮೊಬೈಲ್ ಅಂಗಡಿಯವರು ಹೊಸ ಫೋನಿಗೆ ಗ್ಲಾಸು ಅಂಟಿಸಿಕೊಡುವ ಐದು ನಿಮಿಷದಲ್ಲಿ ಗಿರಾಕಿಗೆ ಟಾರ್ಚ್ ಎಲ್ಲಿದೆ, ಸ್ಕ್ಯಾನ್ ಎಲ್ಲಿದೆ ಎಂದು ತೋರಿಸಬಹುದು.

ಸ್ಟೋರಿನಿಂದ ತೆಗೆದುಹಾಕಿದ ಆ್ಯಪು ಫೋನಿನಿಂದ ಹೋಗಿಬಿಡುತ್ತದೆ ಎಂಬ ನೆಚ್ಚಿಕೆ ಬೇಡ. ಕ್ಯಾಮ್‌ಸ್ಕ್ಯಾನರ್ ಇರಲಿ, ಬಾರ್‌ಕೋಡ್ ಸ್ಕ್ಯಾನರ್ ಇರಲಿ, ಒಮ್ಮೆ ಇಳಿಸಿಕೊಂಡದ್ದು ಪಡೆದ ಅನುಮತಿಗಳ ಸಮೇತ ಅಲ್ಲೇ ಇರಬಹುದು. ಮಾಲೀಕರು ಕೈಯಾರೆ ತೆಗೆಯುವುದೇ ಖಚಿತವಾದ ದಾರಿ.